ಇಲ್ಲದ ‘ಮನೆ’ಯ ಹೆಸರು

ಕಂತು ಒಂಬತ್ತು

“ಇಲ್ಲ ಅಂತಾನೂ ಹೇಳ್ತಿದೆ, ಹೆಸರೂ ಹೇಳ್ತಿದೆ. ನೀವೇ ನೋಡಿ ಸರ್.”

ಪುನೀತ್ ಬೆರಳಿಟ್ಟ ಕಡೆ ಯೋಗಾನಂದ ಕನ್ನಡಕ ಏರಿಸಿ ನೋಡಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಕೆಲವು ಸಾಲು. ನಡುವೆ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಒಂದು ಕನ್ನಡದ ಹೆಸರು: ಮನೆ. ಅದರ ಪಕ್ಕದಲ್ಲಿ ಸರ್ವರ್ ಹಾಕಿದ್ದ ಎರಡು ಷರಾ. ಒಂದು, ಈ ಫೋಲ್ಡರ್ ಅಸ್ತಿತ್ವದಲ್ಲಿಲ್ಲ. ಇನ್ನೊಂದು, ಇದಕ್ಕೆ ಮಕ್ಕಳಿವೆ.

ಯಶವಂತಪುರದ ಆ ಮೂರನೇ ಮಹಡಿಯ ಆಫೀಸಿನಲ್ಲಿ ಭಾನುವಾರದ ಮಧ್ಯಾಹ್ನ ಅವರಿಬ್ಬರನ್ನು ಬಿಟ್ಟರೆ ಉಸಿರಾಡುತ್ತಿದ್ದದ್ದು ಏಸಿ ಒಂದೇ. ಕೆಳಗಿನ ರಸ್ತೆಯಲ್ಲಿ ಈರುಳ್ಳಿ ಲಾರಿಯೊಂದು ಪೀ ಪೀ ಎನ್ನುತ್ತ ಹಿಂದಕ್ಕೆ ಸರಿಯುತ್ತಿತ್ತು. ಯೋಗಾನಂದ ಅದನ್ನು ತುಟಿಯಂಚಿನಲ್ಲೇ ಒಮ್ಮೆ ಅನುಕರಿಸಿದ. ಪತ್ತೇದಾರಿಕೆಗೆ ಇಳಿಯುವ ಮೊದಲು ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದ ಮನುಷ್ಯ, ಚಟ ಬಿಟ್ಟಿರಲಿಲ್ಲ. ಹೆಸರಿನಲ್ಲಿ ಯೋಗವೂ ಇತ್ತು, ಆನಂದವೂ ಇತ್ತು. ಬಾಳಿನಲ್ಲಿ ಮಾತ್ರ ಎರಡೂ ಬೇರೆ ಯಾರದೋ ವಿಳಾಸಕ್ಕೆ ಬಟವಾಡೆಯಾಗಿದ್ದವು.

ಈ ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ ಗುರುಚರಣ್ ಯುಗಾದಿಯ ಮಾರನೇ ದಿನ ಮಾಯವಾಗಿ, ವಾರ ತುಂಬುವುದರೊಳಗೆ ಅವನ ಇ-ಮೇಲ್‌ನಿಂದ ಹೆಂಡತಿ ವಂದನಾಗೆ ವಿದಾಯದ ಪತ್ರವೊಂದು ಬಂದು, ಅದನ್ನೋದಿದ ಪೊಲೀಸರು ‘ಹೇಳಿಯೇ ಹೋಗಿದ್ದಾನಲ್ಲಮ್ಮ’ ಎಂದು ಫೈಲು ಕಟ್ಟಿಟ್ಟು, ಈಗ ಕಾರ್ತಿಕ ಮಾಸ. ವಂದನಾ ಯೋಗಾನಂದನಿಗೆ ಒಪ್ಪಿಸಿದ್ದು ಒಂದೇ ಒಂದು ಪ್ರಶ್ನೆ. ಅವರು ನನ್ನನ್ನು ಬಿಟ್ಟು ಹೋದರಾ, ಇಲ್ಲಾ ಅವರಿಗೇ ಏನಾದರೂ ಆಯಿತಾ?

“ಸತ್ತೋರ ಹೆಸರಲ್ಲಿ ರೇಷನ್ ಕಾರ್ಡ್ ಇರೋ ಹಾಗಾ ಇದು?” ಎಂದು ಯೋಗಾನಂದ ಪರದೆಯತ್ತ ಗದ್ದ ತೋರಿಸಿದ.

ಹಾಗಲ್ಲ ಎಂದ ಪುನೀತ್. ಗುರುಚರಣನ ಕೈಕೆಳಗೆ ಪಳಗಿ ಈಗ ಅವನದೇ ಕುರ್ಚಿಯಲ್ಲಿ ಕೂತಿರುವವನು. ಸರ್ವರನ್ನು ಕೇಳುವುದಕ್ಕೆ ಎರಡು ಬಗೆಯಿದೆಯಂತೆ. ನಕ್ಷತ್ರದ ಗುರುತು ಹಾಕಿ ಕೇಳಿದರೆ ಮೇಲಿನಿಂದ ತಳದ ತನಕ ಎಲ್ಲ ಫೋಲ್ಡರ್‌ಗಳ ಹೆಸರನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಶೇಕಡಾ ಗುರುತು ಹಾಕಿದರೆ ಮೇಲಿನ ಮೆಟ್ಟಿಲಿನವು ಮಾತ್ರ. ಆಮೇಲೆ ಬೇಕಾದವರು ಮಕ್ಕಳಿರುವ ಹೆಸರು ಹಿಡಿದು ಮುಂದಿನ ಮೆಟ್ಟಿಲಿಗೆ ಇಳಿಯಬೇಕು. ಈಗ ಕೇಳಿದ್ದು ಶೇಕಡಾದಲ್ಲಿ. ಯಾರೋ ‘ಮನೆ’ ಎಂಬ ಫೋಲ್ಡರನ್ನು ಅಳಿಸಿದ್ದಾರೆ. ಆದರೆ ಅದರ ಹೊಟ್ಟೆಯಲ್ಲಿ ಇನ್ನೊಂದು ಫೋಲ್ಡರ್ ಇತ್ತು. ತಂದೆಯನ್ನು ಅಳಿಸಿದ ಮಾತ್ರಕ್ಕೆ ಮಗು ಅಳಿಯುವುದಿಲ್ಲ.

“ಮಗು ಇರೋದು ಎರಡನೇ ಮೆಟ್ಲಲ್ಲಿ ಸರ್. ಮೊದಲನೇ ಮೆಟ್ಲಲ್ಲಿ ಅಪ್ಪ ಇಲ್ವಲ್ಲ ಅಂತ ಸರ್ವರ್ ಬಾಯ್ಮುಚ್ಕೊಂಡು ಕೂತ್ರೆ, ಮೇಲಿಂದ ಇಳ್ಕೊಂಡು ಬರೋನಿಗೆ ಕೆಳಗೊಂದು ಮಗು ಇದೆ ಅಂತ ಗೊತ್ತೇ ಆಗಲ್ಲ. ಅದಕ್ಕೇ, ಇಲ್ದೇ ಇರೋ ಅಪ್ಪನ ಹೆಸರನ್ನೂ ಹೇಳ್ಬೇಕು. ಹೇಳಿ, ಇವನಿಲ್ಲ ಆದ್ರೆ ಮಕ್ಕಳಿದಾವೆ ಅಂತ ಷರಾ ಹಾಕ್ಬೇಕು.”

ಯೋಗಾನಂದನಿಗೆ ಥಟ್ಟನೆ ಹೊಳೆಯಿತು. ಹೊಳೆಯಿಸಿದವಳು ಕೊಡಿಗೇಹಳ್ಳಿಯ ಅವನ ಮನೆಯೊಡತಿ ಮುನಿಕೆಂಪಮ್ಮ. ಗಂಡ ತೀರಿಕೊಂಡು ಯಾವ ಕಾಲವೋ ಆಯಿತು. ಆದರೂ ಆ ಹೆಸರು ಅವಳ ನಾಲಿಗೆಗೆ ಬಾರದು. ಕರೆಂಟಿನವನು ಬಂದು ಮೀಟರ್ ಯಾರ ಹೆಸರಲ್ಲಿದೆ ಎಂದು ಕೇಳಿದಾಗಲೆಲ್ಲ ನಡೆಯುವ ನಾಟಕವನ್ನು ಯೋಗಾನಂದ ಅಲ್ಲೇ ಆಡಿ ತೋರಿಸಿದ. ಇಲ್ಲದ ಸೆರಗನ್ನು ಹೆಗಲಿಗೆಳೆದುಕೊಂಡ. ಧ್ವನಿ ಎಲೆಯಡಿಕೆ ತುಂಬಿದ ಬಾಯಿಯದಾಯಿತು. “ಎಸ್ರಿಡ್ದು ಯೇಳಾಕಾಯ್ತದೇನಪ್ಪಾ. ನಮ್ ಪುಟ್ಟಣ್ಣನ ಅಪ್ಪಂದು ಅಂತ ಬರ್ಕೊ.”

ಪುನೀತ್ ನಕ್ಕ. ಮನೆಯಲ್ಲಿ ಎರಡು ವರ್ಷದ ಮಗಳಿದ್ದವನು. ನಗು ಬೇಗ ಇಂಗಿತು. “ಅದೇ ಸರ್. ಪುಟ್ಟಣ್ಣ ಇರೋವರ್ಗೂ ಅಪ್ಪನ್ನ ಕರೀಲೇಬೇಕು.”

ಈ ಸಲ ಅವನು ನಕ್ಷತ್ರ ಒತ್ತಿದ. ಸಾಲುಗಳು ದಡದಡ ಉದುರಿದವು. ಇಲ್ಲದ ‘ಮನೆ’ಯ ಅಡಿಯಲ್ಲಿ ಮಗು ತನ್ನ ಹೆಸರು ಹೇಳಿಕೊಂಡು ನಿಂತಿತ್ತು: ಮಾಕಳಿ.

ತುಮಕೂರು ರಸ್ತೆಯ ಮಾಕಳಿ. ಇಷ್ಟು ದಿನ ಈ ಕೇಸಿನಲ್ಲಿ ಯಾರ ಬಾಯಿಂದಲೂ ಹೊರಡದ ಊರು.

ತೆಗಿ ಎಂದ ಯೋಗಾನಂದ. ಪುನೀತ್ ಕೈಯನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಸರ್ವರ್ ನೋಡಿಕೊಳ್ಳುವವರಿಗೆ ಹೆಸರುಗಳು ಕಾಣುತ್ತವೆ; ಮನಸ್ಸು ಮಾಡಿದರೆ ಒಳಗೂ ಕೈ ಹಾಕಬಹುದು. ಹಾಕಬಾರದೆಂದು ಕಲಿಸಿದವನು ಗುರುಚರಣನೇ. ಪೋಸ್ಟ್‌ಮ್ಯಾನ್ ಕವರ್ ಮೇಲಿನದು ಓದಬಹುದು ಕಣ್ರೋ, ಒಳಗಿನ ಕಾಗದ ಓದಿದ ದಿನ ಅವನು ಕಳ್ಳ ಅನ್ನುತ್ತಿದ್ದನಂತೆ. ಅವನದೇ ಮೇಲ್ ಡಬ್ಬಿಯ ವಿಷಯದಲ್ಲಿ ಆ ಮಾತು ಮುರಿಯಲು ಪುನೀತನಿಗೆ ಮನಸ್ಸಿರಲಿಲ್ಲ. ಪಾಸ್‌ವರ್ಡ್ ಇದ್ದವರು ಬಂದು ತೆಗೆಯಲಿ ಎಂದ.

“ಅಳಿಸಿದ್ದು ಅವನೇ ಇರಬಹುದಲ್ಲ? ಹೋಗೋ ಮುಂಚೆ?”

“ಚಾನ್ಸೇ ಇಲ್ಲ. ಮೊದಲು ಮಗು, ಆಮೇಲೆ ಅಪ್ಪ. ಕೆಲಸಕ್ಕೆ ಸೇರಿದ ಮೊದಲನೇ ದಿನ ನಮಗೆ ಹೇಳ್ಕೊಟ್ಟಿದ್ದೇ ಅದು. ಅಪ್ಪನ್ನ ಮಾತ್ರ ಅಳಿಸಿ ಎಲ್ಲಾ ಹೋಯ್ತು ಅಂತ ನಂಬೋರು ಗೊತ್ತಿಲ್ದಿರೋರು ಸರ್.”

ಇನ್ನೂ ಒಂದು ಮಾತು ಸೇರಿಸಿದ. ಬ್ರೌಸರಿನಲ್ಲಿ ಮೇಲ್ ತೆರೆದರೆ, ತೋರಿಸು ಎಂದು ನಾವು ಸೆಟ್ಟಿಂಗ್ಸಿನಲ್ಲಿ ಗುರುತು ಹಾಕಿಕೊಂಡ ಫೋಲ್ಡರ್‌ಗಳಷ್ಟೇ ಕಣ್ಣಿಗೆ ಬೀಳುತ್ತವೆ. ಮಾಕಳಿಗೆ ಗುರುತು ಹಾಕಿರಲಿಲ್ಲ. ಅಳಿಸಿದವರಿಗೆ ‘ಮನೆ’ಯ ಒಳಗೆ ಇನ್ನೊಂದು ಕೋಣೆಯಿದೆ ಎಂಬುದೇ ಕಂಡಿರಲಿಕ್ಕಿಲ್ಲ. ಯಾವತ್ತು, ಯಾವ ಕಂಪ್ಯೂಟರಿನಿಂದ ಅಳಿಸಿದ್ದು ಎಂದರೆ ಅಷ್ಟು ಹಳೆಯ ದಾಖಲೆ ಸರ್ವರಿನಲ್ಲಿ ಉಳಿಯುವುದಿಲ್ಲ.

ಪಾಸ್‌ವರ್ಡ್ ಗೊತ್ತಿರುವ, ಆದರೆ ಕಸುಬು ಗೊತ್ತಿಲ್ಲದ ಕೈ. ಕಂಪನಿಯ ಮಾಲೀಕ ಆನಂದಪ್ಪನ ಮೇಲೆ ಯೋಗಾನಂದ ಇಟ್ಟುಕೊಂಡಿದ್ದ ಗುಮಾನಿ ಅಲ್ಲಿಗೆ ಸಡಿಲವಾಯಿತು. ಒಂದು ಮಾತಿನಲ್ಲಿ ಇಡೀ ಖಾತೆಯನ್ನೇ ಒರೆಸಿಹಾಕಿಸಬಲ್ಲವನು ಹಿಂಬಾಗಿಲಿಂದ ಬಂದು ಒಂದೇ ಒಂದು ಫೋಲ್ಡರ್ ಏಕೆ ಅಳಿಸಿಯಾನು?

*

ಹೆಬ್ಬಾಳದ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಯೋಗಾನಂದ ಬ್ಯಾಗಿನಿಂದ ವಿದಾಯದ ಪತ್ರದ ಪ್ರಿಂಟು ತೆಗೆದ. ಎಷ್ಟು ಸಲ ಓದಿದ್ದನೋ. ಆದರೆ ಈವರೆಗೆ ಓದಿದ್ದು ಕಣ್ಣಿನಲ್ಲಿ. ಈಗ ಬಾಯಲ್ಲಿ ಓದಿ ನೋಡೋಣ ಅನ್ನಿಸಿತು.

“ವಂದನಾ, ಒಟ್ನಲ್ಲಿ ವಿಷ್ಯ ಏನಂದ್ರೆ, ನಾನು ಹೊರಟೆ. ತಪ್ಪು ನಿಂದಲ್ಲ. ಒಟ್ನಲ್ಲಿ ತಪ್ಪು ಯಾರದೂ ಅಲ್ಲ ಬಿಡು. ಇಷ್ಟು ವರ್ಷ ನಿನ್ನ ಜೊತೆ ಇದ್ದದ್ದು ಚೆನ್ನಾಗಿತ್ತು. ಹೇಳ್ದೆ ಹೋಗೋಕೆ ಮನಸ್ಸಾಗ್ಲಿಲ್ಲ. ಒಟ್ನಲ್ಲಿ ಹುಷಾರಾಗಿರು, ಆಯ್ತಾ.”

ಕೇಳಿಯೇ ಇರದ ಗುರುಚರಣನ ಧ್ವನಿಯನ್ನು ಹುಡುಕುತ್ತ, ಒಮ್ಮೆ ದಪ್ಪಗೆ, ಒಮ್ಮೆ ಮೂಗಿನಲ್ಲಿ, ಒಮ್ಮೆ ಶೀತವಾದವನಂತೆ ಓದಿಕೊಂಡ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊದಲು ಮೊಣಕಾಲು ಸರಿಸಿದರು. ಆಮೇಲೆ ಎದ್ದು ಹೋಗಿ ಕಂಬ ಹಿಡಿದು ನಿಂತರು. ಖಾಲಿ ಸೀಟಿಗೆ ಮೇಖ್ರಿ ಸರ್ಕಲ್ಲಿನ ತನಕ ಯಾರೂ ಬರಲಿಲ್ಲ.

ಆಗ ಅವನಿಗೆ ಅನುಮಾನ ಬಂತು. ಬಾಯಿಗೆ ಸಲೀಸಾಗಿ ಕೂರುತ್ತಿದೆ ಈ ಪತ್ರ, ಅತಿ ಸಲೀಸಾಗಿ. ಇಷ್ಟು ಸಣ್ಣ ಪತ್ರಕ್ಕೆ ಮೂರು ‘ಒಟ್ನಲ್ಲಿ’. ಒಬ್ಬ ಮನುಷ್ಯ ದಿನಕ್ಕೆ ಒಂದೆರಡು ಸಲ ಆಡುವ ಮಾತನ್ನು ಮಿಮಿಕ್ರಿಯವನು ಒಂದೇ ನಿಮಿಷದಲ್ಲಿ ಹತ್ತು ಸಲ ಆಡುತ್ತಾನೆ. ಇಲ್ಲದಿದ್ದರೆ ಜನಕ್ಕೆ ಗುರುತು ಹತ್ತಬೇಕಲ್ಲ. ಅಸಲಿ ಮನುಷ್ಯನಿಗೆ ತಾನು ಅಸಲಿ ಎಂದು ತೋರಿಸಿಕೊಳ್ಳುವ ದರ್ದು ಇರುವುದಿಲ್ಲ.

ಗುರುಚರಣ್ ಹೆಂಡತಿಗೆ ಹಿಂದೆಂದೋ ಕಳಿಸಿದ್ದ ಇನ್ನೆರಡು ಮೇಲ್‌ಗಳೂ ಬ್ಯಾಗಿನಲ್ಲಿದ್ದವು. ‘ಗ್ಯಾಸ್ ಬಂತಾ.’ ‘ಲೇಟಾಗತ್ತೆ. ಊಟ ಮಾಡು.’ ಅಷ್ಟೇ. ಬರೆಯುವಾಗ ಅವನಿಗೆ ಒಟ್ನಲ್ಲೂ ಇಲ್ಲ, ಚಿಲ್ಲರೆಯೂ ಇಲ್ಲ.

ಈ ಪತ್ರ ಬರೆದವರು ಗುರುಚರಣನ ಬರಹವನ್ನು ಅನುಕರಿಸಿರಲಿಲ್ಲ. ಅವನ ಮಾತನ್ನು ಅನುಕರಿಸಿದ್ದರು. ಅವನ ಮಾತನ್ನು ದಿನಾ ಕೇಳಿದವರು.

ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಬಲಕ್ಕೆ ಹೋದರೆ ಅವನ ರೂಮು. ಬೀಗ ತೆಗೆದ ಕೂಡಲೇ ‘ಬಂದ್ಯೇನೋ?’ ಎಂದು ಒಂದು ಹೆಣ್ಣು ಧ್ವನಿಯಲ್ಲಿ ಕೇಳಿ, ‘ಬಂದೆ ಕಣೇ’ ಎಂದು ತಾನೇ ಉತ್ತರ ಕೊಟ್ಟುಕೊಳ್ಳುವುದು ವರ್ಷಗಳ ರೂಢಿ. ಆ ಹೆಣ್ಣು ಧ್ವನಿ ಯಾರದೆಂದು ಮೊದಮೊದಲು ಗೊತ್ತಿತ್ತು. ಬಳಸಿ ಬಳಸಿ ಸವೆದು ಈಗ ಯಾರದೂ ಅಲ್ಲದ ಧ್ವನಿಯಾಗಿತ್ತು. ಇವತ್ತು ಆ ಸ್ವಾಗತ ಬೇಡವೆನಿಸಿತು. ಅವನು ಸಹಕಾರನಗರದ ದಾರಿ ಹಿಡಿದ.

*

ವಂದನಾ ಬಾಗಿಲು ತೆಗೆದವಳೇ ಅವನ ಮುಖ ನೋಡಿ ಕಾಫಿಗಿಡಲು ಹೋದಳು. ಆರ್.ಟಿ. ನಗರದ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೆಲಸ. ಭಾನುವಾರವೂ ಆಫೀಸಿಗೆ ಹೊರಟವಳ ಹಾಗೆ ಇಸ್ತ್ರಿ ಮಾಡಿದ ಸೀರೆ. ಹಾಲಿನ ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್. ಊಟದ ಮೇಜಿನ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ದಿನಪತ್ರಿಕೆಗಳು ಎದೆಯೆತ್ತರ ಕೂತಿದ್ದವು. ಮನೆ ಖಾಲಿ ಮಾಡಿ ತವರಿಗೆ ಬಂದುಬಿಡು ಎಂದು ಅಣ್ಣ ಪ್ರತಿ ವಾರ ಫೋನ್ ಮಾಡುತ್ತಾನೆ, ಕಾರ್ತಿಕ ಕಳೆಯಲಿ ಅಂತ ನಾನು ತಳ್ಳುತ್ತಿದ್ದೇನೆ ಎಂದು ಅಡುಗೆಮನೆಯಿಂದಲೇ ಹೇಳಿದಳು.

ಯೋಗಾನಂದ ಲೋಟ ಕೈಗೆ ತೆಗೆದುಕೊಂಡು, ಗುರುಚರಣನ ಮೇಲ್‌ನಲ್ಲಿ ‘ಮನೆ’ ಅಂತೊಂದು ಫೋಲ್ಡರ್ ಇತ್ತಂತೆ, ಯಾರೋ ಅಳಿಸಿದ್ದಾರೆ ಎಂದ. ಮಾಕಳಿಯ ಸುದ್ದಿ ಎತ್ತಲಿಲ್ಲ.

“ಹೌದಾ,” ಎಂದಳು. ಯಾರು ಎಂದು ಕೇಳಲಿಲ್ಲ.

ಅವರು ಹೇಗೆ ಮಾತಾಡುತ್ತಿದ್ದರು ಎಂದು ಯೋಗಾನಂದ ಕೇಳಿದ. ನನ್ನ ಕಸುಬು ಗೊತ್ತಲ್ಲ. ಧ್ವನಿ ಗೊತ್ತಿಲ್ಲದ ಮನುಷ್ಯನನ್ನು ಹುಡುಕುವುದು ಕಷ್ಟ ಎಂದ. ಆಕೆ ಹೇಗೆ ಹೇಳಲಿ ಎಂದು ಕಿಟಕಿಯ ಕಡೆ ನೋಡಿದಳು. ಆಮೇಲೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಹೆಗಲು ತುಸು ಬಾಗಿತು. ಒಂದು ಕೈ ಗೋಡೆಯ ಆಸರೆ ಹಿಡಿದು ಇಲ್ಲದ ಶೂ ಬಿಚ್ಚಿತು.

“ಏನ್ ಸಮಾಚಾರ? ಒಟ್ನಲ್ಲಿ ವಿಷ್ಯ ಏನಂದ್ರೆ ವಂದನಾ, ನಿಮ್ಮಾಫೀಸ್ನೋರಿಗೆ ನಿನ್ನ ಬಿಟ್ರೆ ಗತಿ ಇಲ್ಲ, ನಮ್ಮಾಫೀಸ್ನೋರಿಗೆ ನಾನಿದ್ರೂ ಗತಿ ಇಲ್ಲ. ಹಸಿವು ಕಣೇ.”

ಗಂಟಲು ಹೆಣ್ಣಿನದೇ, ಮಾತಿನ ಹಿಂದೆ ಮಾತ್ರ ಒಬ್ಬ ಗಂಡಸು ಸುಸ್ತಾಗಿ ಮನೆಗೆ ಬಂದಿದ್ದ. ಪೆಂಡಾಲುಗಳಲ್ಲಿ ಇಪ್ಪತ್ತು ವರ್ಷ ಚಪ್ಪಾಳೆ ತಿಂದವನಿಗೂ ಇಷ್ಟು ಚೆನ್ನಾಗಿ ಒಬ್ಬರನ್ನು ಒಳಗೆ ಕರೆಸಿಕೊಳ್ಳಲು ಬಂದಿರಲಿಲ್ಲ. ವಂದನಾ ತಾನೇ ಬೆದರಿದವಳಂತೆ ಕೈಯನ್ನು ಗೋಡೆಯಿಂದ ತೆಗೆದಳು.

ಅವನು ಯಾರ ಧ್ವನಿಯನ್ನೂ ಎರವಲು ಪಡೆಯದೆ ಹೇಳಿದ. “ಮೇಡಂ, ಆ ಪತ್ರ ಬರೆದದ್ದು ನೀವು.”

ಪಕ್ಕದ ಮನೆಯ ಕುಕ್ಕರ್ ಕೂಗಿತು. ಅದು ನಿಲ್ಲುವವರೆಗೂ ಆಕೆ ಕಾದಳು.

“ಮೊದಲನೇ ದಿನವೇ ಕಂಡುಹಿಡೀತೀರಿ ಅಂದ್ಕೊಂಡಿದ್ದೆ,” ಎಂದಳು.

ಮಿಕ್ಕದ್ದು ನಿಧಾನವಾಗಿ ಬಂತು. ಅವರು ಹೋದ ಮೇಲೆ ಒಂದು ಫೋನಿಲ್ಲ, ಮೊಬೈಲ್ ಸ್ವಿಚ್ ಆಫ್. ಪಾರ್ಕಿನಲ್ಲಿ, ಹಾಲಿನ ಬೂತಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಹೇಳಿ ಹೋದ್ರಾ? ಎಲ್ಲಿಗೆ ಹೋದರು ಎಂದು ಕೇಳಿದವರು ಕಡಿಮೆ. ಪ್ರತಿ ಸಲ ಇಲ್ಲ ಎನ್ನುವಾಗ ಎದುರಿನವರ ಮುಖದಲ್ಲಿ ಏನೋ ಲೆಕ್ಕ ಮುಗಿದಂತಾಗುತ್ತಿತ್ತು.

“ಬಿಟ್ಟು ಹೋದ್ರು ಅನ್ನೋದನ್ನ ಹ್ಯಾಗೋ ತಡ್ಕೋಬಹುದು ಸರ್. ಒಂದು ಮಾತು ಹೇಳೋಕೂ ನಾನು ಲಾಯಕ್ಕಿಲ್ಲ ಅಂತ ಬಿಟ್ಟು ಹೋದ್ರು ಅನ್ನೋದನ್ನ ಹ್ಯಾಗೆ ತಡ್ಕೊಳ್ಳಲಿ?”

ಮನೆಯ ಕಂಪ್ಯೂಟರಿನಲ್ಲಿ ಅವನ ಮೇಲ್ ಯಾವಾಗಲೂ ತೆರೆದೇ ಇರುತ್ತಿತ್ತು. ಒಂದು ಸಂಜೆ ಕೂತು ಅವನ ಹಾಗೆ ಮಾತಾಡಿಕೊಂಡು, ಮಾತಾಡಿದ್ದನ್ನು ಬರೆದು, ತನಗೇ ಕಳಿಸಿಕೊಂಡಳು. ಆಮೇಲೆ ತನ್ನ ಮೇಲ್ ತೆಗೆದು ಓದಿದಾಗ ನಿಜಕ್ಕೂ ಅಳು ಬಂತಂತೆ. ಅವರೇ ಬರೆದ ಹಾಗಿತ್ತು ಎಂದಳು. ಯಾರಿಗೂ ತೋರಿಸುವ ಯೋಚನೆಯಿರಲಿಲ್ಲ. ಅಣ್ಣ ನೋಡಿದ. ಅಣ್ಣನಿಂದ ಪೊಲೀಸರಿಗೆ ಹೋಯಿತು.

“ಮತ್ತೆ ಆ ಫೋಲ್ಡರ್?”

ಅದಕ್ಕೆ ಉತ್ತರ ಕೊಡುವುದು ಪತ್ರಕ್ಕಿಂತ ಕಷ್ಟವಾಯಿತು. ದಿನಾ ಮಧ್ಯಾಹ್ನ ಆಫೀಸಿನಿಂದ ಆಕೆ ಗಂಡನಿಗೊಂದು ಮೇಲ್ ಬರೆಯುತ್ತಿದ್ದಳು. ಊಟಕ್ಕೆ ಏನಿತ್ತು, ಮ್ಯಾನೇಜರ್ ಏನಂದ, ಕಿಟಕಿಯಲ್ಲಿ ಪಾರಿವಾಳ ಮೊಟ್ಟೆಯಿಟ್ಟಿದೆ, ಇಂಥವು. ಅವು ಬಂದ ಹಾಗೇ ತಾವಾಗಿ ‘ಮನೆ’ಗೆ ಬೀಳುವಂತೆ ಗುರುಚರಣ್ ಏನೋ ಸೂತ್ರ ಹಾಕಿಟ್ಟಿದ್ದ. ಪತ್ರ ಕಳಿಸಿದ ಸಂಜೆ ಆಕೆ ಆ ಫೋಲ್ಡರ್ ತೆಗೆದು ನೋಡಿದಳು.

“ಓದದೇ ಇರೋದು ದಪ್ಪಕ್ಷರದಲ್ಲಿ ಕಾಣತ್ತಲ್ಲ ಸರ್. ಮೇಲಿಂದ ಕೆಳಗಿನ ತನಕ ದಪ್ಪಕ್ಷರ. ಎರಡು ವರ್ಷದ್ದು. ಪೊಲೀಸ್ನೋರು ತೆಗೆದು ನೋಡಿದ್ರೆ? ಅದಕ್ಕೇ ಅಳಿಸಿದೆ.”

ಸಮಾಧಾನ ಹೇಳುವ ಧ್ವನಿಗಳು ಯೋಗಾನಂದನ ಬಳಿ ಡಜನ್ನುಗಟ್ಟಲೆ ಇದ್ದವು: ತಾತನದು, ಪುರೋಹಿತರದು, ಆಸ್ಪತ್ರೆಯ ನರ್ಸಿನದು. ಒಂದನ್ನೂ ತೆಗೆಯಲು ಕೈ ಬರಲಿಲ್ಲ. ಕಾಫಿ ಕೆನೆಗಟ್ಟಿತ್ತು.

“ಪೊಲೀಸರು ಹುಡುಕೋದು ಬಿಟ್ಟಿದ್ದು ನಿಮ್ಮ ಪತ್ರ ನೋಡಿ,” ಎಂದ.

“ಗೊತ್ತು. ಸುಳ್ಳು ಅಂತ ಹೇಳೋಕೆ ಬಾಯಿಲ್ಲ, ಸುಮ್ನಿರೋಕೆ ಆಗ್ತಿಲ್ಲ. ಅದಕ್ಕೇ ನಿಮ್ಮನ್ನ ಕರ್ದಿದ್ದು. ಅವರು ಬಿಟ್ಟು ಹೋಗ್ತೀನಿ ಅಂತ ಯಾವತ್ತೂ ಹೇಳಿಲ್ಲ ಸರ್. ಹೇಳಿದ್ದು ನಾನು, ಅವರ ಹೆಸರಲ್ಲಿ.”

ಯೋಗಾನಂದ ಲೋಟ ಕೆಳಗಿಟ್ಟ. ನೀವು ಅಳಿಸಿದ್ದು ಅಪ್ಪನನ್ನು ಮಾತ್ರ, ಮಗು ಉಳಿದುಕೊಂಡಿದೆ ಎಂದ. ಆಕೆಗೆ ಅರ್ಥವಾಗಲಿಲ್ಲ. ಆದರೂ ಎದ್ದು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದಳು.

*

ಪುನೀತ್ ಹೇಳಿಕೊಟ್ಟಿದ್ದ ಪ್ರಕಾರ ಸೆಟ್ಟಿಂಗ್ಸಿನ ಪುಟಕ್ಕೆ ಹೋಗಿ ಮಾಕಳಿಯ ಮುಂದೆ ಗುರುತು ಹಾಕಿದರು. ಎಡಗಡೆ, ಆಕೆ ಅಳಿಸಿದ್ದ ‘ಮನೆ’ ಬೂದು ಅಕ್ಷರದಲ್ಲಿ ಮತ್ತೆ ಮೂಡಿತು. ವಂದನಾ ಅದನ್ನೇ ಮೊದಲು ಒತ್ತಿದಳು. ಇದನ್ನು ತೆರೆಯಲಾಗದು ಎಂದಿತು. ಮತ್ತೊಮ್ಮೆ ಒತ್ತಿದಳು. ಯೋಗಾನಂದ ಅದರ ಕೆಳಗಿನದನ್ನು ತೋರಿಸಿದ.

ಮಾಕಳಿ ತೆರೆದುಕೊಂಡಿತು. ಎಲ್ಲವೂ ಒಬ್ಬನೇ ಬರೆದ ಮೇಲ್‌ಗಳು: ಚನ್ನಕೇಶವ, ಸಿವಿಲ್ ಎಂಜಿನಿಯರ್. ಒಂದೊಂದರಲ್ಲೂ ಒಂದೆರಡು ಫೋಟೋ. ಸುಣ್ಣದ ಗೆರೆ ಎಳೆದ ನಿವೇಶನ. ಪಾಯ. ಕಬ್ಬಿಣದ ಸರಳು ಬಿಟ್ಟ ಪಿಲ್ಲರ್‌ಗಳು. ಪ್ರತಿ ಕಾಗದದ ಬಾಲದಲ್ಲಿ, ಅದಕ್ಕೂ ಮುಂಚೆ ಗುರುಚರಣ್ ಬರೆದಿದ್ದ ಸಾಲು ಅಂಟಿಕೊಂಡಿತ್ತು. ಒಂದರಲ್ಲಿ, ‘ಮನೆಗೆ ಫೋನ್ ಬೇಡ. ಅವಳಿಗೆ ಗೊತ್ತಾಗಬಾರದು. ಗೃಹಪ್ರವೇಶದ ದಿನ ಕರ್ಕೊಂಡು ಬರ್ತೀನಿ.’ ಇನ್ನೊಂದರಲ್ಲಿ, ‘ಅಡುಗೆಮನೆ ಕಿಟಕಿ ಪೂರ್ವಕ್ಕೆ. ಸಜ್ಜೆ ಅಗಲ ಮಾಡಿ. ಅವಳಿಗೆ ಪಾರಿವಾಳ ಬೇಕು.’

ವಂದನಾ ಆ ಸಾಲಿನ ಮೇಲೆ ಬೆರಳಿಟ್ಟು ಕೂತಳು. ಬೆರಳು ತೆಗೆದರೆ ಸಾಲು ಹಾರಿಹೋಗುತ್ತದೆ ಎನ್ನುವಂತೆ.

“ಓದಿದಾರೆ,” ಎಂದಳು. “ಮೊಬೈಲಲ್ಲೋ ಎಲ್ಲೋ, ಹ್ಯಾಗೋ ಓದಿದಾರೆ. ಪಾರಿವಾಳದ ವಿಷ್ಯ ನಾನು ಬಾಯಲ್ಲಿ ಯಾವತ್ತೂ ಹೇಳಿಲ್ಲ.”

ಯೋಗಾನಂದನ ಕೆಲಸದ ಕಣ್ಣು ಪಟ್ಟಿಯ ಮೇಲೆ ಮೇಲಕ್ಕೆ ಹರಿಯುತ್ತಿತ್ತು. ಪಾಯ, ಪಿಲ್ಲರ್, ಗೋಡೆ; ಆಮೇಲೆ ಯುಗಾದಿ. ಪಟ್ಟಿ ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿರಲಿಲ್ಲ. ಯುಗಾದಿಯ ನಂತರವೂ ಚನ್ನಕೇಶವ ಬರೆಯುತ್ತಲೇ ಹೋಗಿದ್ದ, ಗುರುಚರಣನ ಸೂತ್ರ ಅವನ್ನೂ ತಾನಾಗಿ ಇಲ್ಲಿಗೇ ಬೀಳಿಸಿತ್ತು, ಮತ್ತು ಆ ಕಾಗದಗಳ ಪಕ್ಕದಲ್ಲೆಲ್ಲ ಬಾಗಿದ ಬಾಣದ ಒಂದೊಂದು ಸಣ್ಣ ಗುರುತಿತ್ತು.

ಆ ಬಾಣದ ಅರ್ಥವನ್ನು ವಂದನಾಳೇ ಹೇಳಿದಳು. ಅವಳ ಆಫೀಸಿನಲ್ಲೂ ಹಾಗೇ. ಈ ಕಾಗದಕ್ಕೆ ಉತ್ತರ ಹೋಗಿದೆ.

ಉತ್ತರ ಕಳಿಸಿದವರು ಅದರ ಪ್ರತಿಯನ್ನು ಡಬ್ಬಿಯಲ್ಲಿ ಉಳಿಸಿರಲಿಲ್ಲ. ಆದರೆ ಚನ್ನಕೇಶವನ ಮುಂದಿನ ಕಾಗದದ ಬಾಲದಲ್ಲಿ ಅದು ಸಿಕ್ಕಿತು. ‘ಕೆಲಸ ನಿಲ್ಲಿಸಬೇಡಿ. ಮೊಬೈಲ್ ಕಳೆದಿದೆ. ಇಲ್ಲಿಗೇ ಬರೆಯಿರಿ.’ ತಾರೀಖು, ವಿದಾಯದ ಪತ್ರ ಹೋದ ಮಾರನೇ ವಾರದ್ದು.

“ಹಾಗಾದ್ರೆ ಇದಾರೆ,” ಎಂದಳು ವಂದನಾ. ಮುಖದಲ್ಲಿ ಬೆಳಕು ಹತ್ತಿತು. ಹತ್ತಿದ ಹಾಗೇ ಆರಿತು. ಯೋಗಾನಂದ ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದ ಮಾತಿಗೆ ಆಕೆ ಅವನಿಗಿಂತ ಮೊದಲು ತಲುಪಿದ್ದಳು. ಇದಕ್ಕೆ ಉತ್ತರಿಸಿದವರು ಇದೇ ಖಾತೆಯನ್ನು ತೆರೆದಿರಬೇಕು. ಆಕೆ ಗಂಡನ ಹೆಸರಿನಲ್ಲಿ ಬರೆದ ವಿದಾಯವೂ ಇದೇ ಖಾತೆಯಲ್ಲಿ, ಕಳಿಸಿದ ಪತ್ರಗಳ ನಡುವೆ, ಎಲ್ಲಕ್ಕಿಂತ ಮೇಲೆ ಕೂತಿತ್ತು.

“ನಾನು ಬರ್ದಿದ್ದನ್ನ ನೋಡಿದಾರೆ. ನೋಡಿ, ಆಯ್ತು ಅಂತ ಸುಮ್ನಾಗಿದಾರೆ.”

ಯೋಗಾನಂದನ ಕಣ್ಣು ಆ ಮೂರು ಚುಟುಕು ವಾಕ್ಯಗಳ ಮೇಲಿತ್ತು. ಒಂದು ಮಾತೂ ಹೆಚ್ಚಿಲ್ಲ. ಗುರುಚರಣ್ ಬರೆದ ಹಾಗೇ ಇತ್ತು. ಇಲ್ಲವೇ ಗುರುಚರಣನ ಬರಹವನ್ನು ಚೆನ್ನಾಗಿ ಓದಿಕೊಂಡವರು ಬರೆದ ಹಾಗೆ. ಇಷ್ಟು ಕಡಿಮೆ ಮಾತಿನಲ್ಲಿ ಅಸಲಿಯನ್ನೂ ನಕಲಿಯನ್ನೂ ಬೇರೆ ಮಾಡಲು ಅವನಿಗೂ ಬರಲಿಲ್ಲ. ಅವರೇ ಇರಬೇಕೆಂದೇನಿಲ್ಲ ಎಂದು ಹೇಳಲು ಬಾಯಿ ತೆಗೆದವನು ಹೇಳದೆ, ಪಟ್ಟಿಯ ತುದಿಯಲ್ಲಿದ್ದ ಕಾಗದವನ್ನು ಒತ್ತಿದ.

ಮೊನ್ನೆ ಶುಕ್ರವಾರದ್ದು. ಫೋಟೋದಲ್ಲಿ ಒಂದು ಸಣ್ಣ ಮನೆ, ಬಣ್ಣ ಬಳಿದು ನಿಂತಿತ್ತು. ಅಗಲದ ಸಜ್ಜೆಯ ಪೂರ್ವದ ಕಿಟಕಿ. ಅದರ ಬಾಗಿಲು ಮುಚ್ಚಿತ್ತು. ಕೆಳಗೆ ಚನ್ನಕೇಶವನ ಒಕ್ಕಣೆ:

‘ಸರ್, ತಾವು ತಿಳಿಸಿದಂತೆ ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿ, ಕೀಯನ್ನು ನಿಮ್ಮ ಮನೆಯವರು ವಂದನಾ ಮೇಡಂ ಕೈಗೇ ಕೊಟ್ಟಿದ್ದೇನೆ. ಮೊದಲ ಸಲ ಭೇಟಿಯಾದದ್ದು, ತುಂಬಾ ಸಂತೋಷವಾಯಿತು.’

ವಂದನಾ ಕುರ್ಚಿಯಿಂದ ಎದ್ದು ನಿಂತಳು.

“ನಾನು ಮಾಕಳಿ ಅನ್ನೋ ಊರನ್ನ ಬೋರ್ಡಲ್ಲಿ ನೋಡಿದೀನಿ ಅಷ್ಟೇ.”

ಕಾಗದದಲ್ಲಿ ಇನ್ನೂ ಒಂದು ಸಾಲು ಇತ್ತು. ಯೋಗಾನಂದ ಪುಟವನ್ನು ಮೇಲಕ್ಕೆ ಸರಿಸಿದ.

‘ಹಿಂದಿನ ಕೋಣೆಯ ಚಿಲಕ ಒಳಗಡೆಗಲ್ಲ, ಹೊರಗಡೆಗೆ ಬೇಕು ಎಂದು ಮೇಡಂ ಹೇಳಿದರು. ಅದನ್ನೂ ಅವತ್ತೇ ಬದಲಾಯಿಸಿ ಕೊಟ್ಟಿದ್ದೇನೆ.’